ಅರಿಶಿನ ಎಂದುಕೊಂಡ ಚುಕ್ಕೆಗಳು

ನಮ್ಮ ಲ್ಯಾಬಿನಲ್ಲಿ ಯಾರೂ ‘ಪಾಪ’ ಎನ್ನುವಂತಿರಲಿಲ್ಲ. ಅದು ಲ್ಯಾಬ್ ನೋಡಿಕೊಳ್ಳುತ್ತಿದ್ದ ಮೇಡಂ ಮಾಡಿದ ಕಾನೂನು. ಎಲ್ಲೂ ಬರೆದು ಅಂಟಿಸಿರಲಿಲ್ಲ, ಆದರೆ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಎಲ್ಲರಿಗೂ ಗೊತ್ತಾಗಿಬಿಡುತ್ತಿತ್ತು. ನನಗೆ ಗೊತ್ತಾದದ್ದು ಮೂರನೆಯ ದಿನ. ಆಸ್ಪತ್ರೆಯಿಂದ ಬರುವ ಮೂಳೆಮಜ್ಜೆಯ ಟ್ಯೂಬಿನ ಮೇಲೆ ಮಗುವಿನ ಹೆಸರು ಇರುವುದಿಲ್ಲ, ಒಂದು ನಂಬರು, ವಯಸ್ಸು, ಗಂಡೋ ಹೆಣ್ಣೋ ಎಂಬುದು ಮಾತ್ರ. ಆ ದಿನ ಬಂದ ಟ್ಯೂಬಿನ ಮೇಲೆ ‘ನಾಲ್ಕು ವರ್ಷ’ ಎಂದಿತ್ತು. ನಾನು “ಅಯ್ಯೋ ಪಾಪ” ಎಂದೆ. ಮೈಕ್ರೊಸ್ಕೋಪಿನಿಂದ ತಲೆ ಎತ್ತದೆ ಅವರು ಹೇಳಿದರು:

“ಪಾಪ ಅನ್ನಬ್ಯಾಡ ತಮ್ಮಾ. ಪಾಪ ಅಂದ್ರ ಕಣ್ಣು ಮಂಜಾಕ್ಕತಿ. ಮಂಜಾದ ಕಣ್ಣಿಗೆ ಎಲ್ಲಾ ಚಲೋನ ಕಾಣ್ತತಿ.”

ಇದನ್ನು ಬರೆದ ಮೇಲೆ ಯೋಚಿಸಿದರೆ, ಆ ಮೇಜಿನ ಮೇಲೆ ಆಗ ಮೈಕ್ರೊಸ್ಕೋಪ್ ಇತ್ತೇ ಎಂಬ ಅನುಮಾನ ಬರುತ್ತದೆ. ಅದು ಅಲ್ಲಿಗೆ ಬಂದದ್ದು ಮರುವರ್ಷ ಇರಬೇಕು. ಹಾಗಾದರೆ ಅವರು ತಲೆ ತಗ್ಗಿಸಿ ನೋಡುತ್ತಿದ್ದದ್ದು ಏನನ್ನು? ಮಾತು ಮಾತ್ರ ಅವರದೇ. ಉಳಿದದ್ದನ್ನು ನನ್ನ ತಲೆ ತನ್ನಷ್ಟಕ್ಕೆ ಜೋಡಿಸಿಕೊಂಡಿರಬಹುದು. ಮುಂದೆ ಬರೆಯುವುದನ್ನೂ ಓದುಗರು ಇದೇ ಅನುಮಾನ ಇಟ್ಟುಕೊಂಡು ಓದಬೇಕು.

ಎರಡು ತಿಂಗಳ ಹಿಂದೆ ಮೇಡಂ ತೀರಿಕೊಂಡರು. ನಿವೃತ್ತರಾಗಿ ಒಂದು ವರ್ಷವೂ ಆಗಿರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ತಂಗಿಯ ಜೊತೆ ಇದ್ದರು. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತವರು ಎದ್ದಿಲ್ಲ. ಅವರ ಹೆಸರು ಬರೆಯುವುದಿಲ್ಲ. ಟ್ಯೂಬುಗಳ ಮೇಲೆ ಹೆಸರಿಲ್ಲದ್ದು ಒಳ್ಳೆಯದು ಎಂದು ನಂಬಿದ್ದವರು ಅವರು.

ಲ್ಯಾಬ್ ಇರುವುದು ಬೊಮ್ಮಸಂದ್ರ ದಾಟಿ ಅತ್ತಿಬೆಲೆಯ ಕಡೆಗೆ, ಪ್ಲಾಸ್ಟಿಕ್ ಡಬ್ಬಿ ಮಾಡುವ ಒಂದು ಫ್ಯಾಕ್ಟರಿಯ ಹಿಂದೆ. ಕಿಟಕಿ ತೆಗೆದರೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ಅಲ್ಲಿ ಮಕ್ಕಳ ರಕ್ತದ ಕ್ಯಾನ್ಸರಿನ ಪರೀಕ್ಷೆ ನಡೆಯುತ್ತದೆ ಎಂದು ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ನಾನು ಅಲ್ಲಿಗೆ ಬಂದದ್ದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಯನ್ನು ಅರ್ಧಕ್ಕೆ ಬಿಟ್ಟು. ಯಾವುದನ್ನೂ ಸುಲಭವಾಗಿ ಒಪ್ಪಬಾರದು ಎಂಬುದೊಂದನ್ನು ಅಲ್ಲಿ ಚೆನ್ನಾಗಿ ಕಲಿತಿದ್ದೆ, ಮತ್ತು ಅದನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗುತ್ತಿದ್ದೆ.

ಮೇಡಂ ದಾವಣಗೆರೆಯ ಕಡೆಯವರು. ಮೂವತ್ತು ವರ್ಷ ಬೆಂಗಳೂರಿನಲ್ಲಿದ್ದರೂ ಅವರ ಮಾತಿಗೆ ಬೆಂಗಳೂರು ತಗುಲಿರಲಿಲ್ಲ. ಊಟಕ್ಕೆ ಸ್ಟೀಲ್ ಡಬ್ಬಿಯಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿ ತರುತ್ತಿದ್ದರು, ಜೊತೆಗೆ ಎರಡು ಹಸಿಮೆಣಸಿನಕಾಯಿ. “ನಿಮ್ಮ ಬೆಂಗಳೂರಿನ ಮಂಡಕ್ಕಿ ಬರೀ ಗಾಳಿ” ಎಂದು ಊರಿನಿಂದಲೇ ತರಿಸುತ್ತಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇಟ್ಟುಕೊಂಡು ಮನೆಯಿಂದ ಹೊರಡುತ್ತಿದ್ದರು. ಲ್ಯಾಬಿನ ಬಾಗಿಲ ಹತ್ತಿರ ನಿಂತು, ಒದ್ದೆ ಹತ್ತಿಯಿಂದ ಅದನ್ನು ಪೂರ್ತಿ ಒರೆಸಿ ಒಳಗೆ ಬರುತ್ತಿದ್ದರು. ಸಂಜೆ ಹೊರಡುವಾಗ ವ್ಯಾನಿನ ಕನ್ನಡಿಯಲ್ಲಿ ನೋಡಿಕೊಂಡು ಮತ್ತೆ ಇಟ್ಟುಕೊಳ್ಳುತ್ತಿದ್ದರು.

ಒಮ್ಮೆ ಕೇಳಿದೆ. “ದೇವರಿಗೆ ಬೇಜಾರಾಗಲ್ವಾ ಮೇಡಂ, ದಿನಾ ಅಳಿಸ್ತೀರಲ್ಲ?”

“ನನ್ನ ದೇವರು ಕೊರಳಾಗ ಅದಾನ, ಒಳಗ ಬರ್ತಾನ. ಪೌಡರ್ ಬರಬಾರದು” ಎಂದರು. “ನಿನಗ ದೇವರಿಲ್ಲ ಅಂದಮ್ಯಾಲ ಅವನ ಬೇಜಾರಿನ ಚಿಂತಿ ನಿನಗ್ಯಾಕಪ್ಪಾ?”

ನಮ್ಮ ಕೆಲಸವನ್ನು ಸ್ವಲ್ಪ ಹೇಳಬೇಕು. ರಕ್ತದ ಕ್ಯಾನ್ಸರ್ ಬಂದ ಮಗುವಿಗೆ ಮೊದಲ ಒಂದು ತಿಂಗಳು ಬಿರುಸಾಗಿ ಔಷಧಿ ಕೊಡುತ್ತಾರೆ. ಆ ತಿಂಗಳ ಕೊನೆಗೆ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆಯುತ್ತಾರೆ. ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಬಹುತೇಕ ಮಕ್ಕಳ ಮಜ್ಜೆ ಶುದ್ಧವಾಗಿ ಕಾಣುತ್ತದೆ. ಆದರೆ ರೋಗದ ಕೆಲವು ಜೀವಕೋಶಗಳು ಉಳಿದಿರಬಹುದು. ಅವನ್ನು ಹುಡುಕುವುದೇ ನಮ್ಮ ಕೆಲಸ. ಕೋಶಗಳಿಗೆ ಬಣ್ಣ ಹಚ್ಚಿ, ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸುವ ಯಂತ್ರವಿದೆ. ಪ್ರತಿ ಕೋಶವೂ ಕಂಪ್ಯೂಟರ್ ಪರದೆಯ ಮೇಲೆ ಒಂದು ಚುಕ್ಕೆಯಾಗಿ ಬೀಳುತ್ತದೆ. ಲಕ್ಷಾಂತರ ಚುಕ್ಕೆಗಳ ನಡುವೆ ರೋಗದವು ಯಾವುವು ಎಂದು ನೋಡಿ ಅವುಗಳ ಸುತ್ತ ಒಂದು ಗೆರೆ ಎಳೆಯಬೇಕು. ಅದಕ್ಕೆ ನಾವು ‘ಗೇಟ್ ಹಾಕೋದು’ ಎನ್ನುತ್ತೇವೆ. ಗೇಟಿನೊಳಗೆ ಏನಾದರೂ ಉಳಿದರೆ ಡಾಕ್ಟರು ಔಷಧಿಯನ್ನು ಇನ್ನಷ್ಟು ಬಿರುಸು ಮಾಡುತ್ತಾರೆ. ಏನೂ ಇಲ್ಲದಿದ್ದರೆ ಸೌಮ್ಯವಾದ ದಾರಿ ಹಿಡಿಯುತ್ತಾರೆ. ಮಗುವಿನ ಮುಂದಿನ ಎರಡು ವರ್ಷ ಆ ಗೆರೆಯ ಮೇಲೆ ನಿಂತಿರುತ್ತದೆ.

ಗೇಟನ್ನು ಒಬ್ಬರೇ ಹಾಕಬಾರದು ಎಂಬುದು ಮೇಡಂ ಅವರ ಪದ್ಧತಿ. ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕುಳಿತು, ಒಬ್ಬರದನ್ನು ಒಬ್ಬರು ನೋಡದೆ ಹಾಕಬೇಕು. ಆಮೇಲೆ ಎರಡನ್ನೂ ಹೋಲಿಸಬೇಕು. ಹೊಂದದಿದ್ದರೆ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಹೆಚ್ಚಿನ ದಿನಗಳಲ್ಲಿ ಆ ಇಬ್ಬರು ಅವರು ಮತ್ತು ನಾನು.

ಅಷ್ಟು ಔಷಧಿ ಕೊಟ್ಟರೂ ಕೆಲವು ಕೋಶಗಳು ಹೇಗೆ ಉಳಿಯುತ್ತವೆ ಎಂದು ಹೊಸಬರು ಕೇಳಿದರೆ ಅವರನ್ನು ಕಿಟಕಿಯ ಹತ್ತಿರ ಕರೆದೊಯ್ಯುತ್ತಿದ್ದರು. ಮಧ್ಯಾಹ್ನ ಫ್ಯಾಕ್ಟರಿಯ ಶಿಫ್ಟ್ ಬಿಡುವ ಹೊತ್ತು. ಕಂಪನಿ ಬಸ್ಸು ಹಿಡಿಯಲು ನೂರಾರು ಜನ ಓಡುತ್ತಿರುತ್ತಿದ್ದರು. ಸೆಕ್ಯೂರಿಟಿ ಗೂಡಿನ ಪಕ್ಕದ ಹೊಂಗೆ ಮರದ ಕೆಳಗೆ ಯಾರೋ ಒಬ್ಬ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿರುತ್ತಿದ್ದ.

“ನಮ್ಮ ಔಷಧಿ ಪೊಲೀಸರಿದ್ದಂಗ. ಓಡೋರನ್ನ ಹಿಡೀತತಿ. ಬೆಳೀತಾ ಒಡೀತಾ ಇರೋ ಕೋಶ ಎಲ್ಲಾ ಸಿಕ್ಕಿಬೀಳ್ತಾವ. ಅಲ್ಲಿ ಮಲಗ್ಯಾನ ನೋಡು, ಅವನ ತಂಟೆಗೆ ಯಾರು ಹೋಗ್ತಾರ? ಗದ್ದಲ ಎಲ್ಲಾ ಮುಗಿದ ಮ್ಯಾಲ ಏಳ್ತಾನ. ಎದ್ದು ಮತ್ತ ಸಂಸಾರ ಹೂಡ್ತಾನ.”

ಕ್ಯಾನ್ಸರಿನ ಕಾಂಡಕೋಶ ಎನ್ನುವುದು ಅವನನ್ನೇ. ಒಂದು ಉಳಿದರೂ ಇಡೀ ರೋಗವನ್ನು ಮತ್ತೆ ಹುಟ್ಟಿಸಬಲ್ಲ ಕೋಶ. ಮೇಡಂ ಅದನ್ನು ಹೆಪ್ಪು ಎನ್ನುತ್ತಿದ್ದರು. “ಪಾತ್ರಿ ತೊಳೆದೆ ಅಂತೀವಿ. ಅಂಚಿನಾಗ ಒಂದು ಹನಿ ಉಳಿದಿದ್ರ ಸಾಕು, ನಾಳೆ ಹಾಕಿದ ಹಾಲೂ ಮೊಸರು.”

ನಾನು ಸುಮ್ಮನಿರುವವನಲ್ಲ. “ಮೇಡಂ, ಮಕ್ಕಳಿಗೆ ಬರೋ ಈ ಜಾತಿಯ ಲ್ಯುಕೇಮಿಯಾದಲ್ಲಿ ಆ ಲೆಕ್ಕ ಇನ್ನೂ ತೀರ್ಮಾನ ಆಗಿಲ್ಲ. ಕಾಂಡಕೋಶ ಅಂತ ಬೇರೆ ಒಂದು ಜಾತಿ ಇಲ್ಲದೇ ಇರಬಹುದು. ಯಾವ ಕೋಶ ಬೇಕಾದ್ರೂ ಆ ಕೆಲಸ ಮಾಡಬಹುದು ಅಂತಾನೂ ವಾದ ಇದೆ. ನಿಮ್ಮ ಮಲಗಿದವನು ಒಂದು ಕಥೆ ಅಷ್ಟೆ” ಎಂದೆ.

ಅವರು ಮೆಣಸಿನಕಾಯಿ ಕಚ್ಚಿ, ನಿಧಾನವಾಗಿ ಅಗಿದು ಕೇಳಿದರು: “ಯಾವುದು ಬೇಕಾದ್ರೂ ಆಗಬಹುದು ಅಂತೀಯಲ್ಲ, ಹಂಗಾದ್ರ ಒಂದನ್ನೂ ಬಿಡಬಾರದು ಅಂತ ಆತಿಲ್ಲೋ?”

ಪಕ್ಕದಲ್ಲಿ ಊಟ ಮಾಡುತ್ತಿದ್ದ ನಮ್ಮ ವ್ಯಾನ್ ಡ್ರೈವರ್ ಮುನಿರಾಜು, “ಬಿಡಿ ಸಾರ್, ಅಮ್ಮಾವ್ರ ತಾವ ನಿಮ್ ಓದು ನಡೆಯಾಕಿಲ್ಲ” ಎಂದು ನಕ್ಕ. ಮುನಿರಾಜು ಆನೇಕಲ್ಲಿನ ಕಡೆಯವನು, ಆಸ್ಪತ್ರೆಗಳಿಂದ ಟ್ಯೂಬು ತರುವುದು ಅವನ ಕೆಲಸ.

ಪ್ರತಿ ವರ್ಷದ ಆಯುಧಪೂಜೆಯ ಯಜಮಾನನೂ ಅವನೇ. ಅಕ್ಕಪಕ್ಕದ ಫ್ಯಾಕ್ಟರಿಗಳಲ್ಲಿ ಮಾಡುವಂತೆ ನಮ್ಮಲ್ಲೂ ಮಾಡಬೇಕೆಂದು ಹಟ. ವ್ಯಾನಿಗೆ ಬಾಳೆಕಂದು, ಚಕ್ರಕ್ಕೆ ನಿಂಬೆಹಣ್ಣು, ಗೇಟಿನೆದುರು ಬೂದುಗುಂಬಳ. ನಾನು ಸೇರುವ ಮೊದಲೊಮ್ಮೆ ಆ ಲೇಸರ್ ಯಂತ್ರಕ್ಕೂ ಅರಿಶಿನ ಕುಂಕುಮ ಹಚ್ಚಿದ್ದನಂತೆ. ರಜೆ ಮುಗಿಸಿ ಬಂದು ನೋಡಿದರೆ ಪರದೆಯ ಮೇಲೆ ಎಲ್ಲಿಲ್ಲದ ಚುಕ್ಕೆಗಳು. ಅರಿಶಿನಕ್ಕೆ ಲೇಸರ್ ಬಿದ್ದರೆ ಹೊಳೆಯುತ್ತದೆ. ಪುಡಿ ಹೇಗೋ ಯಂತ್ರದ ನೀರಿನ ಡಬ್ಬಿಗೆ ಬಿದ್ದಿತ್ತು. ಅಂದಿನಿಂದ ಯಂತ್ರಕ್ಕೆ ಒಂದು ಹೂವು ಮಾತ್ರ, ಅರಿಶಿನವೇನಿದ್ದರೂ ಬಾಗಿಲಿನ ಹೊರಗೆ ಎಂದು ಮೇಡಂ ಗೆರೆ ಕೊರೆದರು. ಆದರೆ ತಮಾಷೆ ಉಳಿದುಬಿಟ್ಟಿತು. ಪರದೆಯ ಮೇಲೆ ಅರ್ಥವಾಗದ ಕಸ ಏನು ಕಂಡರೂ ನಾವು “ಅರಿಶಿನ ಕಣ್ರೀ” ಎನ್ನುತ್ತಿದ್ದೆವು. ನಾನು ಎಲ್ಲರಿಗಿಂತ ಜಾಸ್ತಿ. ಪೂಜೆ ಮಾಡುವವರನ್ನು ಹೀಗಳೆಯಲು ಅದು ನನಗೆ ಸಿಕ್ಕ ಒಳ್ಳೆಯ ಕೋಲಾಗಿತ್ತು.

ಆ ದಿನವನ್ನು, ವರ್ಷಗಟ್ಟಲೆ ನನ್ನ ನೆನಪಿನಲ್ಲಿ ಇದ್ದಂತೆಯೇ ಮೊದಲು ಹೇಳುತ್ತೇನೆ.

ಆಯುಧಪೂಜೆಯ ರಜೆ ಮುಗಿದ ಮರುದಿನ. ಯಂತ್ರ ನಾಲ್ಕು ದಿನ ನಿಂತಿತ್ತು. ಅಂದು ಬಂದದ್ದು ಒಂದೇ ಟ್ಯೂಬು, ಐದು ವರ್ಷದ ಹೆಣ್ಣುಮಗುವಿನದು, ಮೊದಲ ತಿಂಗಳ ಔಷಧಿ ಮುಗಿಸಿದ್ದು. ಮಜ್ಜೆ ಸ್ವಲ್ಪವೇ ಇತ್ತು, ಒಂದು ಸಲದ ಪರೀಕ್ಷೆಗೆ ಸಾಲುವಷ್ಟು. ಇಬ್ಬರೂ ನಮ್ಮ ನಮ್ಮ ಕೋಣೆಯಲ್ಲಿ ಗೇಟ್ ಹಾಕಿದೆವು. ನನ್ನದು ಖಾಲಿ. ಹೋಲಿಸಿದಾಗ ಮೇಡಂ ಮೂಲೆಯಲ್ಲಿದ್ದ ಒಂದು ಸಣ್ಣ ಗುಂಪಿನ ಸುತ್ತ ಗೆರೆ ಎಳೆದಿದ್ದರು. ನನಗೆ ಆ ಗುಂಪು ಮೊದಲು ಕಂಡೇ ಇರಲಿಲ್ಲ.

“ಇದೇನು?” ಎಂದರು.

“ಅರಿಶಿನ ಇರ್ಬೇಕು ಮೇಡಂ” ಎಂದೆ.

“ಇರಬೇಕು ಅಂದ್ರ? ಬಾಗಿಲಿಂದ ಒಳಗ ಬಂದಿಲ್ಲ ಈ ಸಲ. ಮತ್ತ ಮಜ್ಜಿ ತರಿಸೋಣೇನು?”

ಅಷ್ಟರಲ್ಲಿ ಆಸ್ಪತ್ರೆಯ ಡಾಕ್ಟರ ಫೋನು ಬಂತು. ಹೋದ ಸಲವೇ ಮಗು ತುಂಬ ನೋವು ತಿಂದಿದೆ, ಯಂತ್ರದ ಕಸಕ್ಕೋಸ್ಕರ ಅದರ ಸೊಂಟಕ್ಕೆ ಇನ್ನೊಂದು ಸೂಜಿ ಚುಚ್ಚಿಸುತ್ತೀರಾ ಎಂದು ಆತ ಕೇಳಿದರು. ಮೇಡಂ ಬಹಳ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ ತಮ್ಮ ಗೇಟನ್ನು ಅಳಿಸಿದರು. ‘ರೋಗದ ಕೋಶ ಪತ್ತೆಯಾಗಿಲ್ಲ’ ಎಂದು ವರದಿ ಹೋಯಿತು. ಮೊದಲ ಸಹಿ ಅವರದು, ಎರಡನೆಯದು ನನ್ನದು.

ಒಂದೂವರೆ ವರ್ಷದ ನಂತರ ಅದೇ ನಂಬರಿನ ಟ್ಯೂಬು ಮತ್ತೆ ಬಂತು. ಈ ಸಲ ಹುಡುಕುವ ಅಗತ್ಯವೇ ಇರಲಿಲ್ಲ. ಪರದೆ ತುಂಬ ಅವೇ ಚುಕ್ಕೆಗಳು, ಅದೇ ಮೂಲೆಯಿಂದ ಹೊರಟು ಎಲ್ಲ ಕಡೆಗೆ ಹರಡಿದ್ದವು. ಮೇಡಂ ಹಳೆಯ ಫೈಲನ್ನೂ ತೆಗೆದು ಪಕ್ಕದಲ್ಲಿಟ್ಟುಕೊಂಡು ನೋಡಿದರು. ಆ ದಿನ ಅವರು ಊಟದ ಡಬ್ಬಿ ತೆರೆಯಲೇ ಇಲ್ಲ. ಆರು ತಿಂಗಳಲ್ಲಿ ಮಗು ತೀರಿಕೊಂಡಿತು.

ಮೇಡಂ ಆಸ್ಪತ್ರೆಗೆ ಒಂದು ಪತ್ರ ಬರೆದರು. ಹಿಂದಿನ ವರದಿ ತಪ್ಪು, ಗೇಟನ್ನು ಅಳಿಸಿದ್ದು ತಾನು ಎಂದು. ನಮ್ಮ ಮ್ಯಾನೇಜರ್ ಬೇಡವೆಂದರೂ ಕೇಳಲಿಲ್ಲ. ಪತ್ರದ ಕೆಳಗೆ ಅವರೊಬ್ಬರದೇ ಹೆಸರು. ನಾನು ಓದಿದೆ. “ನನ್ನ ಸಹಿಯೂ ಇತ್ತಲ್ಲ ಮೇಡಂ” ಎಂದೆ, ಅಥವಾ ಎನ್ನಬೇಕೆಂದುಕೊಂಡೆ. ಎಂದಿದ್ದರೆ ಅವರೇನು ಉತ್ತರ ಕೊಟ್ಟರು ಎಂಬುದು ನೆನಪಿರಬೇಕಿತ್ತು, ಇಲ್ಲ. ಬಹುಶಃ ಅನ್ನಲಿಲ್ಲ.

ಅವರು ನಿವೃತ್ತರಾಗುವವರೆಗೆ ನಾವಿಬ್ಬರೂ ಹಾಗೆಯೇ ಗೇಟ್ ಹಾಕುತ್ತಾ ಹೋದೆವು. ಅವರು ನನ್ನನ್ನು ಬೈಯಲಿಲ್ಲ, ದೂರವಿಡಲಿಲ್ಲ. ನನ್ನ ಗೇಟನ್ನು ಮಾತ್ರ ಮೊದಲಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದರು. ಆ ವರ್ಷದಿಂದ ಅರಿಶಿನದ ತಮಾಷೆಯನ್ನು ಯಾರೂ ಮಾಡಲಿಲ್ಲ.

ಅವರ ಶಿವಗಣಾರಾಧನೆಯ ದಿನ ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಅವರ ತಂಗಿ ಬಂದು ನನ್ನ ಪಕ್ಕ ನಿಂತರು.

“ಅಕ್ಕ ನಿಮ್ಮ ಸುದ್ದಿ ಭಾಳ ಹೇಳ್ತಿದ್ಲು. ಆ ಹುಡುಗ ಮೊದಲ ಸಲ ನೋಡಿದ್ದು ಯಾವತ್ತೂ ತಪ್ಪಿರಂಗಿಲ್ಲ, ಆಮ್ಯಾಲ ತಲಿ ಓಡಿಸಿ ಕೆಡಿಸ್ಕೊಂತಾನ ಅಂತಿದ್ಲು. ಹೋಳಿಗಿ ಹಾಕ್ಲೇನು?”

ಹೋಳಿಗೆ ಹಾಕಿಸಿಕೊಂಡೆ, ತಿನ್ನಲಾಗಲಿಲ್ಲ. ಮೊದಲ ಸಲ ನೋಡಿದ್ದು ಎಂದರೆ ಏನು? ಆ ಗುಂಪು ನನಗೆ ಕಂಡೇ ಇರಲಿಲ್ಲವಲ್ಲ.

ಮರುದಿನ ಆ ಫೈಲನ್ನು ತೆಗೆದೆ. ಯಾರು ಎಷ್ಟು ಹೊತ್ತಿಗೆ ಗೇಟ್ ಹಾಕಿದರು, ಯಾವಾಗ ಅಳಿಸಿದರು ಎಂಬುದನ್ನೆಲ್ಲ ಯಂತ್ರದ ಸಾಫ್ಟ್‌ವೇರ್ ದಾಖಲಿಸಿ ಇಡುತ್ತದೆ. ಇದು ನನಗೆ ಯಾವಾಗಲೂ ಗೊತ್ತಿತ್ತು. ಎಲ್ಲವನ್ನೂ ಪರೀಕ್ಷಿಸಬೇಕು ಎನ್ನುವ ನಾನು ಇದೊಂದನ್ನು ಪರೀಕ್ಷಿಸಿರಲಿಲ್ಲ.

ಆ ಚುಕ್ಕೆಗಳ ಸುತ್ತ ಮೊದಲು ಗೇಟ್ ಹಾಕಿದ್ದು ನಾನು. ಮೇಡಂಗಿಂತ ಇಪ್ಪತ್ತು ನಿಮಿಷ ಮೊದಲು. ನನ್ನ ಗೇಟು ನಾಲ್ಕು ನಿಮಿಷ ಇತ್ತು, ಆಮೇಲೆ ನಾನೇ ಅಳಿಸಿದ್ದೆ.

ಫೋನ್ ರಿಜಿಸ್ಟರ್ ಹುಡುಕಿದೆ. ಲ್ಯಾಬಿಗೆ ಬರುವ ಪ್ರತಿ ಕರೆಯನ್ನೂ ಸಮಯದ ಸಮೇತ ಬರೆದಿಡುತ್ತಾರೆ. ಡಾಕ್ಟರ ಕರೆ ಬಂದದ್ದು ಮಧ್ಯಾಹ್ನ ಮೂರರ ಮೇಲೆ. ವರದಿಗೆ ಸಹಿ ಬಿದ್ದದ್ದು ಊಟಕ್ಕೆ ಮೊದಲು. ಹಾಗಾದರೆ ಸೂಜಿಯ ಮಾತನ್ನು ಆಡಿದ್ದು ಡಾಕ್ಟರಲ್ಲ. ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ಆ ಮಾತು ಕಿವಿಯಲ್ಲಿ ಇನ್ನೂ ಇದೆ. ಈಗ ಕೇಳಿದರೆ ದನಿ ನನ್ನದೇ.

ಅಂದರೆ ನಡೆದದ್ದು ಹೀಗೆ. ಚುಕ್ಕೆಗಳನ್ನು ನಾನು ನೋಡಿದೆ. ನಾಲ್ಕು ದಿನ ನಿಂತ ಯಂತ್ರ, ಮುನಿರಾಜುವಿನ ಪೂಜೆ, ಬಾಗಿಲ ತುಂಬ ಅರಿಶಿನ. ವಿವರಣೆ ನಾಲಗೆಯ ತುದಿಯಲ್ಲೇ ಸಿದ್ಧವಿತ್ತು. ಅರಿಶಿನವಾದರೆ ಬೇರೆ ಬಣ್ಣಗಳಲ್ಲೂ ಹೊಳೆಯಬೇಕು, ಅದನ್ನು ತಾಳೆ ನೋಡಲು ಐದು ನಿಮಿಷ ಸಾಕು. ನೋಡಲಿಲ್ಲ. ಮೇಡಂ ಪಟ್ಟು ಹಿಡಿದಾಗ ಅವರಿಗೆ ಮಗುವಿನ ನೋವು ತೋರಿಸಿದೆ. ಯಾವ ‘ಪಾಪ’ವನ್ನು ಅವರು ಆ ಕೋಣೆಯಿಂದ ಹೊರಗಿಟ್ಟಿದ್ದರೋ ಅದನ್ನೇ ಬಳಸಿ ಗೆದ್ದೆ.

ದಾಖಲೆಯಲ್ಲಿ ಇನ್ನೊಂದು ಸಾಲಿತ್ತು. ರೋಗ ಮರಳಿದ ದಿನ ಆ ಇಡೀ ಪಟ್ಟಿಯನ್ನು ಮೇಡಂ ತೆರೆದು ನೋಡಿದ್ದರು. ನನ್ನ ನಾಲ್ಕು ನಿಮಿಷ ಅವರಿಗೆ ಅವತ್ತೇ ಗೊತ್ತಾಗಿತ್ತು. ಪತ್ರ ಬರೆದದ್ದು ಅದರ ನಂತರ.

ಮುನಿರಾಜುವಿಗೆ ಹೇಳಿದೆ. ಅವನು ವ್ಯಾನಿನ ಗಾಜು ಒರೆಸುವುದನ್ನು ನಿಲ್ಲಿಸಿ, “ಆ ಮಗೀನ ಮನೆ ನಂಗೊತ್ತು ಸಾರ್” ಎಂದ. “ಅಮ್ಮಾವ್ರು ಆಸ್ಪತ್ರೇಲಿ ಅಡ್ರೆಸ್ ಇಸ್ಕೊಂಡಿದ್ರು, ನಾನೇ ಕರ್ಕೊಂಡ್ ಓಗಿದ್ದೆ. ಯಾರ್ಗೂ ಏಳ್ಬ್ಯಾಡ ಅಂದಿದ್ರು. ಈಗ ಅವ್ರೇ ಇಲ್ಲ.”

ಭಾನುವಾರ ಬೆಳಿಗ್ಗೆ ಇಬ್ಬರೂ ಹೋದೆವು. ಅತ್ತಿಬೆಲೆಯ ಹತ್ತಿರ ಫ್ಯಾಕ್ಟರಿ ಕೆಲಸದವರು ಬಾಡಿಗೆಗಿರುವ ಸಾಲುಮನೆಗಳು. ಮುನಿರಾಜು ತಿರುವಿನಲ್ಲೇ ನಿಂತು ಮೂರನೆಯ ಬಾಗಿಲು ತೋರಿಸಿದ. ತೆಗೆದವರು ಮಗುವಿನ ತಂದೆ, ನನ್ನದೇ ವಯಸ್ಸಿನವರು. ನಾನು ಯಾರೆಂದು ಹೇಳಿದೆ. ತಪ್ಪು ಮೇಡಂ ಅವರದಲ್ಲ, ನನ್ನದು ಎಂದೆ. ಅವರು ಬಾಗಿಲಿಗೆ ಅಡ್ಡವಾಗಿ ನಿಂತೇ ಕೇಳಿಸಿಕೊಂಡರು.

“ಅವರು ಬಂದು ನಂದು ಅಂದ್ರು. ನೀವು ಬಂದು ನಂದು ಅಂತೀರ. ನಮಗೆ ಅದ್ರಿಂದ ಏನ್ ಸಾರ್?” ಎಂದರು. “ಒಂದು ಹೇಳಿ. ಅವತ್ತು ಸರಿಯಾಗಿ ಬರೆದಿದ್ರೆ ಉಳೀತಿದ್ಲಾ?”

ನನಗೆ ಗೊತ್ತಿದ್ದ ಉತ್ತರವನ್ನೇ ಕೊಟ್ಟೆ. ಹಾಗೆ ಉಳಿಯುವ ಕೋಶಗಳು ಬಿರುಸಾದ ಔಷಧಿಗೂ ಬಗ್ಗದಿರಬಹುದು, ಕೆಲವು ಮಕ್ಕಳಿಗೆ ಆ ಔಷಧಿಯೇ ಅಪಾಯ, ಒಂದು ಮಗುವಿನ ವಿಷಯದಲ್ಲಿ ಖಚಿತವಾಗಿ ಹೇಳಲು ವಿಜ್ಞಾನಕ್ಕೆ ಆಗುವುದಿಲ್ಲ ಎಂದು. ಒಂದು ಮಾತೂ ಸುಳ್ಳಲ್ಲ.

“ಆ ಮೇಡಂ ಇಷ್ಟುದ್ದ ಹೇಳ್ಲಿಲ್ಲ” ಎಂದರು.

“ಏನಂದ್ರು?”

“ಉಳಿಯಬಹುದಿತ್ತು ಅಂದ್ರು. ಅಂದು ಅಲ್ಲೇ ಮೆಟ್ಲ ಮೇಲೆ ಕೂತ್ರು. ನನ್ ಹೆಂಡ್ತಿ ಬಾಯಿಗೆ ಬಂದಂಗೆ ಬೈದ್ಲು. ಸುಮ್ನೆ ಬೈಸ್ಕೊಂಡ್ರು. ಅವಳಿಗೆ ಬೈಯೋಕೆ ಒಬ್ಬರು ಬೇಕಿತ್ತು ಸಾರ್. ಅಷ್ಟು ದಿನ ಆಸ್ಪತ್ರೇಲಿ ಎಲ್ರೂ, ನಮ್ ಕೈಲಿ ಏನೂ ಇರ್ಲಿಲ್ಲ, ನಮ್ ಕೈಲಿ ಏನೂ ಇರ್ಲಿಲ್ಲ ಅಂತಾನೇ ಅಂದಿದ್ರು.”

ಒಳಗೆ ನಲ್ಲಿ ನಿಂತಿತು. “ಯಾರ್ರೀ ಅದು?” ಎನ್ನುತ್ತ ಅವರ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದರು. ಗಂಡ ನನ್ನ ಕಡೆ ನೋಡಿ ಪಕ್ಕಕ್ಕೆ ಸರಿದರು.

“ನಾನು ಲ್ಯಾಬಿನೋನು ಅಕ್ಕಾ” ಎಂದೆ. “ನಿಮ್ಮ ಮಗಳ ರಿಪೋರ್ಟಿನಲ್ಲಿ ರೋಗ ಉಳಿದಿದ್ದು ನನಗೆ ಕಂಡಿತ್ತು. ಕಂಡೂ ಅಳಿಸಿದೆ.”